ಕಾರವಾರದಲ್ಲಿ 2007ರ ಆರು ಸಿಲಿಂಡರ್ ಝೆಡ್4 ಇದೆ: ಇಂಜಿನ್ ಇಳಿಸಿ ಕಟ್ಟಿಸಲೇ, ಟರ್ಬೊ ಹಾಕಿಸಲೇ?

ನೀವು ಕೇಳಿದ್ದರ ಸಾರ ಇಷ್ಟು. ಗೋವಾದಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ 2007ರ ಬಿಎಂಡಬ್ಲ್ಯೂ ಝೆಡ್4 3.0ಎಸ್‌ಐ, ಮೇಲ್ಛಾವಣಿ ಮಡಚುವ ಮಾದರಿ. ಮನೆ ಕಾರವಾರದಲ್ಲಿ, ಕಡಲಿಗೆ ಹತ್ತಿರ. ಇಂಜಿನ್ ಕಾದ ಮೇಲೆ ಸುಟ್ಟ ಆಯಿಲ್ ವಾಸನೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಒಂದು ಸಲ ಅರಬೈಲ್ ಘಟ್ಟ ಹತ್ತುವಾಗ ಟೆಂಪರೇಚರ್ ಲೈಟ್ ಬಂದಿದೆ. ಒಬ್ಬ ಮೆಕ್ಯಾನಿಕ್ ಇಂಜಿನ್ ಇಳಿಸಿ ಪೂರ್ತಿ ಕಟ್ಟಬೇಕು ಅಂದಿದ್ದಾರೆ. ಇನ್ನೊಬ್ಬರು ಹೇಗೂ ಬಿಚ್ಚುತ್ತೀರಲ್ಲ, ಟರ್ಬೊ ಕೂರಿಸಿಬಿಡಿ ಅಂದಿದ್ದಾರೆ. ಯಾರ ಮಾತು ಕೇಳುವುದು?

ಇಬ್ಬರ ಮಾತೂ ಬೇಡ ಮಾರಾಯ್ರೆ. ನೀವು ಹೇಳಿದ ಲಕ್ಷಣಗಳಲ್ಲಿ ಒಂದೂ ಇಂಜಿನ್ ಇಳಿಸುವ ಮಟ್ಟದ್ದಲ್ಲ. ಅಂಕೋಲಾದಿಂದ ಸ್ವಲ್ಪ ಮುಂದೆ ಹೆದ್ದಾರಿ ಬದಿಯಲ್ಲಿ ನನ್ನ ಗ್ಯಾರೇಜು. ಗೋವಾ ಕಡೆಯಿಂದ ಬರುವ ಜರ್ಮನ್ ಗಾಡಿಗಳು ಸಾಕಷ್ಟು ಕೈದಾಟಿವೆ. ಈ ಇಂಜಿನ್ ನಮ್ಮ ಕಡೆ ಹಾಳಾಗುವುದು ಹೆಚ್ಚಾಗಿ ಹೊರಗಿನಿಂದ: ಉಪ್ಪುಗಾಳಿ, ಒಣಗಿ ಗಟ್ಟಿಯಾದ ರಬ್ಬರು, ಪೇಟೆಯೊಳಗಿನ ಗಿಡ್ಡ ಓಡಾಟ. ಅಪ್‌ಗ್ರೇಡಿಗೆ ಅಂತ ಎತ್ತಿಟ್ಟ ದುಡ್ಡನ್ನು ಮೊದಲು ಅಲ್ಲಿ ಹಾಕಿ. ಕಾರ್ಖಾನೆಯಿಂದ ಬಂದಾಗ ಇದ್ದ 265 ಕುದುರೆ ಶಕ್ತಿ ಪೂರ್ತಿ ವಾಪಸ್ ಬರಲಿ. ಆಮೇಲೂ ಸಾಲದು ಅನ್ನಿಸಿದರೆ ಮುಂದಿನ ಮಾತು.

ಮೊದಲು ಇಂಜಿನ್ ಎಂಥದ್ದು ಅಂತ ಗೊತ್ತಿರಬೇಕು. ಇದು ಎನ್52. 2996 ಸಿಸಿ, ಆರು ಸಿಲಿಂಡರೂ ಒಂದೇ ಸಾಲಿನಲ್ಲಿ, ಟರ್ಬೊ ಇಲ್ಲ. ಬ್ಲಾಕಿನ ಹೊರಮೈ ಮ್ಯಾಗ್ನೀಸಿಯಂ, ಒಳಗೆ ಸಿಲಿಂಡರುಗಳೂ ಕೂಲೆಂಟ್ ಹರಿಯುವ ದಾರಿಗಳೂ ಇರುವ ಭಾಗ ಅಲ್ಯೂಮಿನಿಯಂ. ಭಾರ ಇಳಿಸಲು ಮಾಡಿದ ಕೆಲಸ. ಎರಕದ ಕಬ್ಬಿಣದ ಬ್ಲಾಕನ್ನು ಲೇತಿಗೆ ಕೊಟ್ಟು ಬೋರ್ ಹೊಡೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿ ಕಟ್ಟಿದ ಹಾಗೆ ಇದನ್ನು ಕಟ್ಟಲು ಬರುವುದಿಲ್ಲ. ಸಿಲಿಂಡರ್ ಗೋಡೆ ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂ. ಅದರ ಮೈಗೆ ಬೇರೆಯೇ ರೀತಿಯ ಹೋನಿಂಗ್ (ಒಳಮೈ ಉಜ್ಜುವ ಕೆಲಸ) ಬೇಕು, ಅದಕ್ಕೆ ಹೊಂದುವ ಲೇಪನದ ಪಿಸ್ಟನ್ನೇ ಬೇಕು. ಸಾಮಾನ್ಯ ಹೋನ್ ಕಲ್ಲು ಒಳಗೆ ಆಡಿಸಿದರೆ ಚೆನ್ನಾಗಿದ್ದ ಬೋರೂ ಕೆಟ್ಟೀತು. ಹಾಗಾಗಿ "ಇಳಿಸಿ ಕಟ್ಟೋಣ" ಅಂದವರನ್ನು ಒಂದೇ ಮಾತು ಕೇಳಿ: ಅಳೆದು ನೋಡಿದ್ದೀರಾ?

ಅಳೆಯುವುದು ಹೀಗೆ. ಕಂಪ್ರೆಶನ್ ಮೀಟರ್ ಎಲ್ಲರ ಬಳಿ ಇರುತ್ತದೆ, ಆದರೆ ಈ ಇಂಜಿನ್ನಿನಲ್ಲಿ ವಾಲ್ವೆಟ್ರಾನಿಕ್ ಇದೆ. ಇನ್‌ಟೇಕ್ ವಾಲ್ವ್ ಎಷ್ಟು ಎತ್ತಬೇಕು ಅನ್ನುವುದನ್ನೇ ಮೋಟಾರು ಬದಲಿಸುತ್ತದೆ. ಸ್ಟಾರ್ಟರ್ ತಿರುಗುವಾಗ ವಾಲ್ವ್ ಕಮ್ಮಿ ಎತ್ತಿದ್ದರೆ ಮೀಟರ್ ಕಮ್ಮಿ ತೋರಿಸುತ್ತದೆ, ನೀವು ಸುಮ್ಮನೆ ಗಾಬರಿ ಬೀಳುತ್ತೀರಿ. ಅದಕ್ಕಿಂತ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಪಿಸ್ಟನ್ ಮೇಲೆ ಬಂದು ಎರಡೂ ಕಡೆಯ ವಾಲ್ವ್ ಮುಚ್ಚಿರುವಾಗ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು, ಎಷ್ಟು ಸೋರುತ್ತದೆ ನೋಡುವುದು. ಹತ್ತು ಪರ್ಸೆಂಟ್ ಆಚೀಚೆ ಇದ್ದರೆ ಇಷ್ಟು ವಯಸ್ಸಿನ ಇಂಜಿನ್ನಿಗೆ ಬೇಸರವಿಲ್ಲ. ಒಂದೇ ಸಿಲಿಂಡರ್ ಇಪ್ಪತ್ತು ದಾಟಿ ಉಳಿದವು ಚೆನ್ನಾಗಿದ್ದರೆ ಕಿವಿ ಕೊಡಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿ ಬುಸ್ ಅಂದರೆ ರಿಂಗು, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಆರು ಸಿಲಿಂಡರಿನ ಅಂಕಿ ಬರೆದುಕೊಡದೆ ಇಂಜಿನ್ ಇಳಿಸಲು ಹೊರಟವರಿಗೆ ಕೀಲಿ ಕೊಡಬೇಡಿ.

ಈಗ ಸುಟ್ಟ ವಾಸನೆ. ಈ ಇಂಜಿನ್ ನೆಟ್ಟಗೆ ನಿಂತಿಲ್ಲ, ಎಕ್ಸಾಸ್ಟ್ ಬದಿಗೆ ವಾಲಿ ಕೂತಿದೆ. ವಾಲ್ವ್ ಕವರಿನ ಗ್ಯಾಸ್ಕೆಟ್ ಗಟ್ಟಿಯಾಗಿ ಸೋರತೊಡಗಿದರೆ ಆಯಿಲ್ ನೇರ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ, ವಾಸನೆ ಏಸಿ ದಾರಿಯಿಂದ ಒಳಗೆ ಬರುತ್ತದೆ. ಕವರ್ ತೆಗೆದಾಗ, ವಾಲ್ವೆಟ್ರಾನಿಕ್ಕಿನ ಭಾಗವಾದ ಎಕ್ಸೆಂಟ್ರಿಕ್ ಶಾಫ್ಟ್ ಸೆನ್ಸರಿನ ಕನೆಕ್ಟರಿನೊಳಗೆ ಆಯಿಲ್ ಇಳಿದಿದೆಯೇ ಅಂತಲೂ ನೋಡಿಸಿ. ವಾಸನೆಗಿಂತ ನನಗೆ ಹೆದರಿಕೆ ಇನ್ನೊಂದು ಲೀಕಿನದು. ಆಯಿಲ್ ಫಿಲ್ಟರ್ ಹೌಸಿಂಗ್ ಬ್ಲಾಕಿಗೆ ಕೂರುವ ಕಡೆಯ ಸಣ್ಣ ಗ್ಯಾಸ್ಕೆಟ್ ಹೋದರೆ ಆಯಿಲ್ ಕೆಳಗಿನ ಬೆಲ್ಟಿಗೆ ಬೀಳುತ್ತದೆ. ನೆನೆದ ಬೆಲ್ಟ್ ಪುಲ್ಲಿಯಿಂದ ಜಾರಿ, ಹರಿದು, ನೂಲುನೂಲಾಗಿ ಕ್ರ್ಯಾಂಕಿನ ಮುಂದಿನ ಸೀಲ್ ದಾಟಿ ಇಂಜಿನ್ನಿನ ಒಳಗೇ ಎಳೆದುಕೊಂಡು ಹೋದ ಗಾಡಿಗಳಿವೆ. ಆಮೇಲೆ ಸಂಪ್ (ಇಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿ ಆಯಿಲ್ ಪಂಪಿನ ಜಾಲರಿಯಿಂದ ನೂಲು ಹೆಕ್ಕುತ್ತಾ ಕೂರಬೇಕು. ಗ್ಯಾಸ್ಕೆಟ್ಟಿನ ಬೆಲೆ ಒಂದು ಹೊತ್ತಿನ ಮೀನೂಟದ್ದು. ಬೆಲ್ಟು, ಟೆನ್ಶನರೂ ಅದರ ಜೊತೆಗೇ ಬದಲಿಸಿ.

ಸಂಪಿನ ಗ್ಯಾಸ್ಕೆಟ್ಟೂ ಒಸರುತ್ತಿರಬಹುದು. ಅದಕ್ಕೆ ಇಂಜಿನ್ ಹೊತ್ತಿರುವ ಮುಂದಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಇಳಿಸಬೇಕು, ಪಾರ್ಟಿಗಿಂತ ಕೂಲಿ ಜಾಸ್ತಿ. ತೊಟ್ಟು ಕೆಳಗೆ ಬೀಳದೆ ಬರೀ ಜಿಡ್ಡು ಕಾಣುತ್ತಿದ್ದರೆ ಬಿಟ್ಟುಬಿಡಿ, ಇಂಜಿನ್ ಮೌಂಟಿನ ಕೆಲಸ ಬಂದಾಗ ಒಟ್ಟಿಗೆ ಮಾಡಿಸಿದರಾಯಿತು.

ಬೋಲ್ಟಿನ ಮಾತು ಸ್ವಲ್ಪ ಉದ್ದ, ಆದರೆ ಕಾರವಾರದಲ್ಲಿ ಇದ್ದವರಿಗೆ ಇದೇ ಮುಖ್ಯ. ಮ್ಯಾಗ್ನೀಸಿಯಂಗೆ ಉಕ್ಕು ತಾಗಿ ನಡುವೆ ಉಪ್ಪಿನ ತೇವ ಸೇರಿದರೆ ಬ್ಯಾಟರಿಯ ಒಳಗೆ ಆಗುವ ಕ್ರಿಯೆಯೇ ಅಲ್ಲೂ ಶುರು. ಕರಗುವುದು ಉಕ್ಕಲ್ಲ, ಮ್ಯಾಗ್ನೀಸಿಯಂ. ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ, ಸ್ವಲ್ಪ ಕಾಲದಲ್ಲಿ ಥ್ರೆಡ್ಡೇ ಮಾಯ. ಅದಕ್ಕೇ ಈ ಬ್ಲಾಕಿಗೆ ಕಂಪನಿಯವರು ಅಲ್ಯೂಮಿನಿಯಂ ಬೋಲ್ಟ್ ಕೊಟ್ಟಿದ್ದಾರೆ. ಅವು ಒಮ್ಮೆ ಬಿಗಿದರೆ ಹಿಗ್ಗಿ ಕೂರುವಂಥವು, ಬಿಚ್ಚಿದ ಮೇಲೆ ಎಸೆಯಬೇಕು. ಗ್ಯಾರೇಜಿನವರಿಗೆ ಇದು ಕಷ್ಟ. ಚೆನ್ನಾಗಿ ಕಾಣುವ ಬೋಲ್ಟ್ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಹಳೆಯದನ್ನೇ ಮತ್ತೆ ಬಿಗಿಯುತ್ತಾರೆ, ತಲೆ ಕಳಚಿ ಕೈಗೆ ಬರುತ್ತದೆ. ಇಲ್ಲವಾದರೆ ಡಬ್ಬಿಯಿಂದ ಒಂದು ಉಕ್ಕಿನ ಬೋಲ್ಟ್ ಹುಡುಕಿ ಹಾಕುತ್ತಾರೆ.

ನಿಮ್ಮ ಗಾಡಿಯಲ್ಲಿ ಹಿಂದೆ ಯಾರಾದರೂ ಹಾಗೆ ಮಾಡಿದ್ದಾರೆಯೇ ಅಂತ ನೀವೇ ಪತ್ತೆ ಮಾಡಬಹುದು. ಒಂದು ಸಣ್ಣ ಅಯಸ್ಕಾಂತಕ್ಕೆ ದಾರ ಕಟ್ಟಿ, ಇಂಜಿನ್ ತಣ್ಣಗಿರುವಾಗ ಸಂಪ್ ಅಂಚಿನ ಬೋಲ್ಟುಗಳ ತಲೆಗೆ ಒಂದೊಂದಾಗಿ ತಾಗಿಸಿ. ಅಲ್ಯೂಮಿನಿಯಂಗೆ ಅದು ಹಿಡಿಯುವುದಿಲ್ಲ. ಟಕ್ ಅಂತ ಅಂಟಿಕೊಂಡಲ್ಲಿ ಗುರುತು ಹಾಕಿ ಫೋಟೊ ತೆಗೆದಿಡಿ, ಆ ಬೋಲ್ಟ್ ಮೊದಲು ಬದಲಾಗಬೇಕು. ಹೊಸದನ್ನು ಬಿಗಿಯುವಾಗ ಟಾರ್ಕ್ ರೆಂಚ್ ಒಂದೇ ಸಾಲದು. ಮೊದಲು ಇಷ್ಟು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ತಿರುಗಿಸು ಅಂತ ಮ್ಯಾನ್ಯುಯಲಿನಲ್ಲಿ ಇರುತ್ತದೆ. ಡಿಗ್ರಿ ಅಳೆಯುವ ಗೇಜ್ ಗ್ಯಾರೇಜಿನಲ್ಲಿದೆಯೇ ಕೇಳಿ. "ಕೈ ಅಂದಾಜು ಸಾಕು ಸರ್" ಅಂದರೆ ನಮಸ್ಕಾರ ಹೇಳಿ ಬನ್ನಿ.

ಇಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ಪಟ್ಟಿಯೂ ಉಪ್ಪಿಗೆ ಹಸಿರುಗಟ್ಟುತ್ತದೆ. ಇದು ಹಾಳಾದರೆ ಸ್ಕ್ಯಾನರಿನಲ್ಲಿ ಸಂಬಂಧವೇ ಇಲ್ಲದ ಕೋಡುಗಳು ಸಾಲುಸಾಲಾಗಿ ಬರುತ್ತವೆ. ಸೆನ್ಸರ್ ಒಂದೊಂದೇ ಬದಲಿಸಿ ದುಡ್ಡು ಕಳೆಯುವ ಮೊದಲು ಪಟ್ಟಿ ಬಿಚ್ಚಿ, ಉಜ್ಜಿ, ಬೇಕಾದರೆ ಹೊಸದು ಹಾಕಿ.

ಅರಬೈಲಿನಲ್ಲಿ ಬಂದ ಟೆಂಪರೇಚರ್ ಲೈಟ್ ಮಾತ್ರ ತುರ್ತು. ಈ ಇಂಜಿನ್ನಿನ ವಾಟರ್ ಪಂಪ್ ಬೆಲ್ಟಿನಿಂದ ತಿರುಗುವುದಿಲ್ಲ, ಕರೆಂಟಿನ ಪಂಪು. ಹಳೆಯ ಪಂಪಿನ ಹಾಗೆ ಮೊದಲು ನೀರು ಒಸರಿ, ಸದ್ದು ಮಾಡಿ ತಿಳಿಸುವುದಿಲ್ಲ, ಎಷ್ಟೋ ಸಲ ಇದ್ದಕ್ಕಿದ್ದಂತೆ ನಿಂತೇಬಿಡುತ್ತದೆ. ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಹೋಗುವುದು ಸಾಮಾನ್ಯ. ಥರ್ಮೋಸ್ಟಾಟೂ ಇಂಜಿನ್ ಕಂಪ್ಯೂಟರಿನ ಅಂಕೆಯಲ್ಲಿದೆ. ನಿಧಾನ ಓಡಿಸುವಾಗ ಪೆಟ್ರೋಲ್ ಉಳಿಸಲು 112 ಡಿಗ್ರಿಯವರೆಗೂ ಕಾಯಲು ಬಿಡುತ್ತದೆ, ಜೋರಾಗಿ ತುಳಿದಾಗ ತಗ್ಗಿಸುತ್ತದೆ. ಸ್ಕ್ಯಾನರಿನಲ್ಲಿ 105 ನೋಡಿ ಹೆದರಬೇಡಿ. ಪಂಪು, ಥರ್ಮೋಸ್ಟಾಟು, ಮೇಲಿನ ಕೆಳಗಿನ ಹೋಸು ಎಲ್ಲ ಒಟ್ಟಿಗೆ ಬದಲಿಸಿ. ಅಲ್ಲಿಯವರೆಗೆ ಘಟ್ಟ ಹತ್ತಬೇಡಿ. ದೇವಿಮನೆ ಘಟ್ಟದ ತಿರುವಿನಲ್ಲೋ ಅರಬೈಲಿನ ಮಧ್ಯದಲ್ಲೋ ಮತ್ತೆ ಲೈಟ್ ಬಂದರೆ "ಇನ್ನು ಸ್ವಲ್ಪವೇ ದೂರ" ಅಂದುಕೊಳ್ಳದೆ ಅಲ್ಲೇ ಆಫ್ ಮಾಡಿ ಟೋಯಿಂಗಿಗೆ ಹೇಳಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಬೆಂಡಾದರೆ ಆಗ ನಿಜವಾಗಿಯೂ ಇಂಜಿನ್ ಬಿಚ್ಚಬೇಕಾಗುತ್ತದೆ.

ಕೂಲೆಂಟ್ ತುಂಬಿದ ಮೇಲೆ ಗಾಳಿ ತೆಗೆಯುವ ಕ್ರಮ ನಮ್ಮ ಕಡೆಯ ಬಹಳ ಫಿಟ್ಟರುಗಳಿಗೆ ಅಭ್ಯಾಸವಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ಮುಚ್ಚಳ ತೆಗೆದಿಟ್ಟರೆ ಆಗುವುದಿಲ್ಲ. ಬ್ಯಾಟರಿಗೆ ಚಾರ್ಜರ್ ಹಚ್ಚಿ, ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಮ್ಮಿಗೆ ಇಟ್ಟು, ಆಕ್ಸಿಲರೇಟರ್ ತಳದವರೆಗೆ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಆಗ ಪಂಪ್ ತಾನೇ ಸುಮಾರು 12 ನಿಮಿಷ ಓಡಿ ಗಾಳಿ ಹೊರಹಾಕುತ್ತದೆ. ಗಮನಕೊಟ್ಟರೆ ಗುರ್ ಅನ್ನುವ ಸದ್ದು ಏರಿ ಇಳಿಯುವುದು ಕೇಳುತ್ತದೆ. ಆಮೇಲೆ ಮಟ್ಟ ನೋಡಿ ತುಂಬಿಸಿ. ನೀರು ಡಿಸ್ಟಿಲ್ಡೇ ಆಗಬೇಕು, ಕಂಪನಿ ಹೇಳಿದ ನೀಲಿ ಕೂಲೆಂಟಿನ ಜೊತೆ ಅರ್ಧಕ್ಕರ್ಧ. ಕಡಲ ಬದಿಯ ಬಾವಿ ನೀರನ್ನು ಬಾಯಿಗೆ ಹಾಕಿ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಬೆಳಗಿನ ಟಿಕ್ ಟಿಕ್, ಆಯಿಲ್ ಒತ್ತಡದಿಂದ ವಾಲ್ವಿನ ಸಂದು ತುಂಬುವ ಹೈಡ್ರಾಲಿಕ್ ಟ್ಯಾಪೆಟ್ಟಿನದು. ಮನೆಯಿಂದ ಬೈತಖೋಲಿಗೆ ಹೋಗಿ ಬರುವಷ್ಟೇ ಓಡಿಸುತ್ತಿದ್ದರೆ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ, ಟ್ಯಾಪೆಟ್ಟಿನೊಳಗೆ ಗಾಳಿ ಉಳಿಯುತ್ತದೆ. ಸರಿಯಾದ ದರ್ಜೆಯ ಆಯಿಲ್ ಹಾಕಿಸಿ. ಫಿಲ್ಟರ್ ಸೇರಿ ಆರೂವರೆ ಲೀಟರ್ ಬೇಕು, ಡಬ್ಬಿಯ ಮೇಲೆ ಬಿಎಂಡಬ್ಲ್ಯೂ ಲಾಂಗ್‌ಲೈಫ್-01 ಅಂತ ಇರಬೇಕು. ಕೂಲಿಂಗ್ ಕೆಲಸ ಮುಗಿದ ಮೇಲೆ ಒಂದು ಭಾನುವಾರ ಯಲ್ಲಾಪುರದವರೆಗೆ ಹೋಗಿ ಬನ್ನಿ. ಹೆಚ್ಚಿನ ಸಲ ಸದ್ದು ಅಲ್ಲಿಗೇ ಹೋಗುತ್ತದೆ. ಕಾದ ಮೇಲೂ ಬಿಡದೆ ಸದ್ದು ಮಾಡಿದರೆ ಮಾತ್ರ ಟ್ಯಾಪೆಟ್ ಬದಲಿಸುವ ವಿಚಾರ.

ಪಿಕಪ್ ಕಮ್ಮಿಯಾಗಿದೆ ಅನ್ನಿಸಿದರೆ ವಾಲ್ವ್ ತೆರೆಯುವ ಹೊತ್ತು ಬದಲಿಸುವ ವ್ಯಾನೋಸ್ಸಿನ, ಮುಂದುಗಡೆ ಇರುವ ಎರಡು ಸೊಲೆನಾಯ್ಡ್ ನೋಡಿಸಿ. ಎರಡೂ ಒಂದೇ ಥರದವು, ಅದಲುಬದಲು ಮಾಡಿದಾಗ ಕೋಡ್ ಕೂಡ ಆಚೆಗೆ ಹೋದರೆ ಸೊಲೆನಾಯ್ಡೇ ಕೆಟ್ಟಿದ್ದು. ಪ್ಲಗ್ಗು, ಕಾಯಿಲ್ ಹಳೆಯದಾಗಿದ್ದರೆ ಆರನ್ನೂ ಬದಲಿಸಿ. ಈ ಇಂಜಿನ್ನಿನ ನಯ ಎಷ್ಟಿದೆಯೆಂದರೆ ಒಂದು ಸಿಲಿಂಡರ್ ಮಿಸ್ ಆದರೂ ಸೀಟಿನಲ್ಲೇ ಗೊತ್ತಾಗುತ್ತದೆ.

ಇನ್ನು ಟರ್ಬೊ. ಈ ಇಂಜಿನ್ನಿನ ಕಂಪ್ರೆಶನ್ ರೇಶಿಯೊ 10.7ಕ್ಕೆ 1, ಟರ್ಬೊ ಇಲ್ಲದೆ ಓಡಲೆಂದು ಮಾಡಿದ್ದು. ಅದರ ಮೇಲೆ ಒತ್ತಡದ ಗಾಳಿ ತುಂಬಿದರೆ ನಾಕಿಂಗ್ (ಪೆಟ್ರೋಲ್ ಅಂಕೆ ಮೀರಿ ಸಿಡಿಯುವುದು) ಹತ್ತಿರವಾಗುತ್ತದೆ. ತಡೆಯಲು ಪಿಸ್ಟನ್, ಇಂಜೆಕ್ಟರ್, ಇಂಟರ್‌ಕೂಲರ್, ಮ್ಯಾಪಿಂಗ್ ಎಲ್ಲ ಬದಲಾಗಬೇಕು, ಕೊನೆಗೆ ಕ್ಲಚ್ಚೂ. ಮಾಡಿದವರು ಇಲ್ಲವೆಂದಲ್ಲ. ಆದರೆ ಒಂದು ಸೆನ್ಸರ್ ಹೋದರೆ ಗಾಡಿಯನ್ನು ಲಾರಿಗೇರಿಸಿ ಬೆಂಗಳೂರಿಗೆ ಕಳಿಸಬೇಕಾದ ಊರಿನಲ್ಲಿ ಕೂತು ಅದನ್ನು ಸಾಕುವವರು ಯಾರು? ಬರೀ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು) ಮಾಡಿಸಿದರೆ ಟರ್ಬೊ ಇಲ್ಲದ ಇಂಜಿನ್ನಿನಿಂದ ಸಿಗುವುದು ಅಲ್ಪ. ಇನ್‌ಟೇಕ್ ಮ್ಯಾನಿಫೋಲ್ಡೂ ನಿಮ್ಮ ಮಾದರಿಯಲ್ಲಿ ಆಗಲೇ ಗಾಳಿಯ ದಾರಿ ಬದಲಿಸುವ ಮೂರು ಹಂತದ್ದು ಇದೆ. ಕಮ್ಮಿ ಶಕ್ತಿಯ ಮಾದರಿಯವರು ಹುಡುಕಿ ತಂದು ಹಾಕಿಕೊಳ್ಳುವುದು ಅದನ್ನೇ.

ಕೈ ಕಡಿಯುತ್ತಿದ್ದರೆ ಟೈರಿನಿಂದ ಶುರು ಮಾಡಿ. ಈ ಗಾಡಿ ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಿನೊಂದಿಗೆ ಬಂದದ್ದು, ಗೋಡೆ ಗಟ್ಟಿ, ಹೆದ್ದಾರಿ 66ರ ಒಂದೊಂದು ಜಾಯಿಂಟೂ ಬೆನ್ನುಮೂಳೆಗೆ ತಿಳಿಯುತ್ತದೆ. ಒಳ್ಳೆಯ ಮಾಮೂಲಿ ಟೈರು, ಮುಂದಿನ ಕಂಟ್ರೋಲ್ ಆರ್ಮಿನ ಹೊಸ ಬುಶ್, ಹೊಸ ಬ್ರೇಕ್ ಆಯಿಲ್ ಹಾಕಿ ದೇವಿಮನೆ ಘಟ್ಟ ಇಳಿದು ನೋಡಿ. ಸ್ಟೆಪ್ನಿ ಇಲ್ಲದ ಗಾಡಿ, ಪಂಕ್ಚರ್ ಕಿಟ್ ಡಿಕ್ಕಿಯಲ್ಲಿರಲಿ.

ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆಯೂ ಕೇಳಿದ್ದೀರಿ. ಓಡುತ್ತದೆ, ಮೈಲೇಜ್ ಸ್ವಲ್ಪ ಬೀಳುತ್ತದೆ. ಸಮಸ್ಯೆ ನಿಲ್ಲಿಸಿಟ್ಟಾಗ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಜೂನ್-ಜುಲೈನಲ್ಲಿ ತೇವಕ್ಕೆ ಬರವೇ? ಮಳೆಗಾಲದಲ್ಲಿ ಟ್ಯಾಂಕ್ ತುಂಬಿಯೇ ಇರಲಿ, ಹಳೆಯ ಪೆಟ್ರೋಲ್ ಹೋಸುಗಳನ್ನು ಬದಲಿಸಿಬಿಡಿ. ಹಾಗೇ ಮೇಲ್ಛಾವಣಿಯ ನೀರು ಹೋಗುವ ತೂತುಗಳಲ್ಲಿ ಕಸ ಕಟ್ಟಿದೆಯೇ ನೋಡಿ. ಈ ಮಾದರಿಯಲ್ಲಿ ಛಾವಣಿ ಎತ್ತುವ ಪಂಪಿನ ಮೋಟಾರು ಆ ನೀರು ಇಳಿಯುವ ಗುಂಡಿಯಲ್ಲೇ ಕೂತಿದೆ, ತೂತು ಕಟ್ಟಿದರೆ ಮುಳುಗುತ್ತದೆ.

ಪಾರ್ಟ್ ತರಿಸುವಾಗ ಚಾಸಿ ನಂಬರಿನ ಕೊನೆಯ ಏಳು ಅಂಕಿ-ಅಕ್ಷರ ಕೊಡಿ, ಅದರ ಮೇಲೆಯೇ ಸರಿಯಾದ ನಂಬರ್ ಸಿಗುತ್ತದೆ. ಪಂಪು, ಥರ್ಮೋಸ್ಟಾಟು, ಹೋಸು, ಎರಡು ಗ್ಯಾಸ್ಕೆಟ್ಟು, ಬೆಲ್ಟು, ಮತ್ತೆ ಪ್ರತಿಯೊಂದಕ್ಕೂ ಬೇಕಾದ ಅಲ್ಯೂಮಿನಿಯಂ ಬೋಲ್ಟು ಒಂದೇ ಪಾರ್ಸೆಲ್ಲಿನಲ್ಲಿ ಬರಲಿ. ಬೋಲ್ಟ್ ಎಣಿಸಿ ಕೈಗೆ ತೆಗೆದುಕೊಳ್ಳುವವರೆಗೆ ಯಾರಿಗೂ ಏನನ್ನೂ ಬಿಚ್ಚಲು ಬಿಡಬೇಡಿ.