ಈ ತಪಸ್ಸುಕಾಲದಲ್ಲಿ ರಾತ್ರಿ ಊಟ ಬಿಡಬೇಡಿ

ಮೈಸೂರಿನ ಸೋದರಿಯೊಬ್ಬರ ಪತ್ರ ಓದಿ ತುಂಬ ಸಂಕಟವಾಯಿತು. ಗಂಡನಿಗೆ ಕೆಲಸ ಹೋಗಿ ತಿಂಗಳುಗಳೇ ಆಗಿವೆ. ತಪಸ್ಸುಕಾಲ, ಅಂದರೆ ಪಾಸ್ಕ ಹಬ್ಬಕ್ಕೆ (ಈಸ್ಟರ್‌ಗೆ) ಮುಂಚಿನ ವ್ರತದ ದಿನಗಳು, ಶುರುವಾಗುವ ವಿಭೂತಿ ಬುಧವಾರದಿಂದ ಇವರು ಮಾಂಸ, ಕಾಫಿ, ರಾತ್ರಿ ಊಟ ಎಲ್ಲ ಬಿಟ್ಟಿದ್ದಾರೆ. ಒಂದು ಶುಕ್ರವಾರವೂ ಶಿಲುಬೆ ಹಾದಿಯ ಪ್ರಾರ್ಥನೆ ತಪ್ಪಿಸಿಲ್ಲ. ಕೆಲಸ ಮಾತ್ರ ಸಿಕ್ಕಿಲ್ಲ. "ನಿನ್ನ ವಿಶ್ವಾಸ ಸಾಲದು, ಉಪವಾಸ ಇನ್ನೂ ಜಾಸ್ತಿ ಮಾಡು" ಎಂದರಂತೆ ನಾದಿನಿ. "ದೇವರನ್ನು ಹೇಗೆ ನಂಬಲಿ?" ಎಂದು ಇವರ ಪ್ರಶ್ನೆ.

ಸೋದರಿ, ಮೊದಲು ನಾದಿನಿಯ ಮಾತು ಮನಸ್ಸಿನಿಂದ ತೆಗೆಯಿರಿ. ಈ ಕಷ್ಟ ತಪ್ಪಿಸು ಎಂದು ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಮೂರು ಸಲ ಬೇಡಿಕೊಂಡರು. ಕಷ್ಟ ತಪ್ಪಲಿಲ್ಲ. ಅವರಿಗೂ ವಿಶ್ವಾಸ ಸಾಲದೆ ಹೋಯಿತಾ? ನೊಂದವರ ವಿಶ್ವಾಸ ಅಳೆಯಲು ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಆದರೆ ಪತ್ರದ ಮಧ್ಯೆ ಒಂದು ಸಾಲು ಬರೆದು ಸುಮ್ನೆ ಮುಂದೆ ಹೋಗಿದ್ದೀರಿ: "ನಾನು ಒಳಗೆ ಜಪಸರ ಹಿಡಿದು ಕೂತಿರುತ್ತೇನೆ, ಅವರೇ ಬಡಿಸಿಕೊಂಡು ಉಣ್ಣುತ್ತಾರೆ." ಹಗಲೆಲ್ಲ ಕೆಲಸ ಕೇಳಿಕೊಂಡು ಅಲೆದು ಬಂದ ಮನುಷ್ಯ ರಾತ್ರಿ ಒಬ್ಬರೇ ತಟ್ಟೆ ಮುಂದೆ ಕೂರುತ್ತಾರೆ. ತನ್ನ ದೆಸೆಯಿಂದ ಹೆಂಡತಿ ಹಸಿದಿದ್ದಾಳೆ ಎಂದು ಅವರಿಗೆ ಗೊತ್ತು. ಆ ತುತ್ತು ಗಂಟಲಲ್ಲಿ ಇಳಿಯುತ್ತಾ ಹೇಳಿ? ಗೆತ್ಸೆಮನೆಯ ಆ ರಾತ್ರಿ ಯೇಸುಸ್ವಾಮಿ ತಮ್ಮ ಶಿಷ್ಯರಾದ ಪೇತ್ರ, ಯಕೋಬ, ಯೊವಾನ್ನರನ್ನು ಕೇಳಿದ್ದೂ ಇಷ್ಟೇ, ನನ್ನ ಜೊತೆ ಎಚ್ಚರವಾಗಿರಿ ಅಂತ. ಮೂವರೂ ನಿದ್ದೆ ಹೋದರು.

ನಮ್ಮ ಕಥೋಲಿಕ ಧರ್ಮಸಭೆ ಕಡ್ಡಾಯ ಮಾಡಿರುವ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ). ಅವತ್ತೂ ಒಂದು ಹೊತ್ತು ಹೊಟ್ಟೆತುಂಬ ಉಣ್ಣಬಹುದು. ವಿಭೂತಿ ಬುಧವಾರ ಕಳೆದು ಬರುವ ಶುಕ್ರವಾರದ ಪೂಜೆಯಲ್ಲಿ ಬೈಬಲ್ಲಿನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ಹಸಿದವರ ಜೊತೆ ಅನ್ನ ಹಂಚಿಕೊಳ್ಳುವುದು, ಸ್ವಂತದವರಿಂದ ಮುಖ ತಿರುಗಿಸದಿರುವುದು, ದೇವರು ಕೇಳುವ ಉಪವಾಸ ಅದು ಎನ್ನುತ್ತದೆ.

ಪಾಸ್ಕ ಹಬ್ಬದೊಳಗೆ ಕೆಲಸ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಆ ತೋಟದಲ್ಲಿ ನೆಲಕ್ಕೆ ಬಿದ್ದು ಬೇಡಿಕೊಳ್ಳುವಾಗಲೂ ಯೇಸುಸ್ವಾಮಿ ದೇವರನ್ನು 'ಅಪ್ಪಾ' ಎಂದೇ ಕರೆದರು. ನೀವೂ ಹಾಗೇ ಕರೆಯಿರಿ. ಅತ್ತುಕೊಂಡು ಕರೆದರೂ ಆಗುತ್ತದೆ, ಸಿಟ್ಟಿನಲ್ಲಿ ಕರೆದರೂ ಆಗುತ್ತದೆ.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿಯಿಂದ ಗಂಡನ ಜೊತೆ ಕೂತು ಊಟ ಮಾಡಿ. ಒಂದು ಹೊತ್ತು ಬಿಡಲೇಬೇಕು ಅನಿಸಿದರೆ, ಅವರು ಮನೆಯಲ್ಲಿಲ್ಲದ ಮಧ್ಯಾಹ್ನದ ಊಟ ಬಿಡಿ. ಉಣ್ಣುವಾಗ ಕೆಲಸದ ಸುದ್ದಿ ಎತ್ತಬೇಡಿ. ಅವರೇ ಎತ್ತಿದರೆ ಪೂರ್ತಿ ಕೇಳಿಸಿಕೊಳ್ಳಿ.