ಉಳಿದ ಆಂಟಿಬಯೋಟಿಕ್ ಕೊಡಬೇಡಿ

ಐದು ವರ್ಷದ ಮಗನಿಗೆ ಎರಡು ದಿನದಿಂದ ನೆಗಡಿ, 101 ಡಿಗ್ರಿ ಜ್ವರ, ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಸಿರಪ್ ಕೊಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನೆಗಡಿ ಬರುವುದು ವೈರಸ್‌ನಿಂದ, ಆ ಔಷಧಿ ಅದನ್ನು ಮುಟ್ಟುವುದೇ ಇಲ್ಲ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ತೂಕ ನೋಡಿ ಕೊಡಿ: ಕಿಲೋಗೆ 15 ಮಿಲಿಗ್ರಾಂ. 16 ಕಿಲೋ ಇದ್ದರೆ ಒಂದು ಸಲಕ್ಕೆ 240 ಮಿಲಿಗ್ರಾಂ. ಬಾಟಲಿಯನ್ನು ಸರಿಯಾಗಿ ಓದಿ, 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಜಾಸ್ತಿ ಜನ ಎಡವುವುದು ಇಲ್ಲೇ. ನಡುವೆ 6 ಗಂಟೆ ಬಿಡಿ. ಆಸ್ಪಿರಿನ್ ಮಕ್ಕಳಿಗೆ ಕೂಡದು.

ಗಂಜಿ, ತಿಳಿಸಾರು ಆಗಾಗ ಕುಡಿಸಿ. ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ. ದಪ್ಪ ಕಂಬಳಿ ಬೇಡ. ಜ್ವರ ಮೂರು ದಿನ ದಾಟಿದರೆ ಡಾಕ್ಟರಿಗೆ ತೋರಿಸಿ. ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ಮೂತ್ರ ತೀರಾ ಕಡಿಮೆಯಾದರೆ ಆ ಕ್ಷಣವೇ ಹೊರಡಿ.