124.80ರಲ್ಲಿ ಆ 80 ಏನು?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದಕ್ಕೊಂದು ನೆಂಟರಂತಿದ್ದವು, ಅದಕ್ಕೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಕಬ್ಬಿನ ಬಾಕಿ ಯಾವಾಗ ಬರುತ್ತೆ ಅಂತ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ. ಅದು ಲೆಕ್ಕದ ಅಂಕಣದಲ್ಲಿ ಬಗೆಹರಿಯುವ ಲೆಕ್ಕ ಅಲ್ಲ.

ಪ್ರಶ್ನೆ: ಕೆಆರ್‌ಎಸ್ ತುಂಬಿದರೆ 124.80 ಅಡಿ ಅಂತ ಪೇಪರಿನಲ್ಲಿ ಹಾಕುತ್ತಾರೆ. ಅಡಿಗೆ 12 ಇಂಚು ತಾನೇ, 80 ಎಲ್ಲಿಂದ ಬಂತು? ದೇಶವೆಲ್ಲ ಮೀಟರಿಗೆ ಬಂದು ಎಷ್ಟು ವರ್ಷ ಆಯಿತು, ಕಟ್ಟೆ ಮಾತ್ರ ಯಾಕೆ ಇನ್ನೂ ಅಡಿಯಲ್ಲೇ ಇದೆ? ಟಿಎಂಸಿ, ಕ್ಯೂಸೆಕ್ ಅಂದರೇನು ಅಂತಲೂ ಸ್ವಲ್ಪ ಬಿಡಿಸಿ ಹೇಳಿ. (ಪಾಂಡವಪುರದ ಓದುಗರು)

ಉತ್ತರ: ಒಳ್ಳೆಯ ಜಾಗಕ್ಕೇ ಕೈ ಹಾಕಿದ್ದೀರಿ. ಆ 80 ಇಂಚಲ್ಲ. ಒಂದು ಅಡಿಯನ್ನು ನೂರು ಪಾಲು ಮಾಡಿ, ಅದರಲ್ಲಿ 80 ಪಾಲು. ಇಂಚಿಗೆ ತಿರುಗಿಸಿದರೆ 124 ಅಡಿ 9.6 ಇಂಚು ಆಗುತ್ತದೆ. ಟೀ ಅಂಗಡಿಯಲ್ಲಿ ಒಬ್ಬರು 'ಇನ್ನು ಬರೀ ಎಂಬತ್ತು ಇಂಚು ತುಂಬಬೇಕು' ಅಂತ ಹೇಳುತ್ತಿದ್ದರು, ನಾನು ಸುಮ್ನೆ ಟೀ ಕುಡಿದು ಎದ್ದು ಬಂದೆ. ಎಂಬತ್ತು ಇಂಚು ಅಂದರೆ ಆರೂವರೆ ಅಡಿ ದಾಟುತ್ತದೆ!

ಬಡಗಿಗೆ, ಗಾರೆ ಕೆಲಸದವರಿಗೆ 12 ಬಹಳ ಅನುಕೂಲ. ಅರ್ಧ ಆರು, ಮೂರರಲ್ಲೊಂದು ಪಾಲು ನಾಲ್ಕು, ಕಾಲು ಮೂರು, ಎಲ್ಲೂ ಚೂರು ಉಳಿಯೋದಿಲ್ಲ. ಆದರೆ ಕಟ್ಟೆಯ ಮಟ್ಟ ಬರೆಯುವವರಿಗೆ ಪಾಲು ಮಾಡುವ ಕೆಲಸ ಇಲ್ಲ, ದಿನಾ ಕೂಡಿ ಕಳೆಯುವ ಕೆಲಸ. ನಿನ್ನೆ 118.65 ಇದ್ದದ್ದು ಇವತ್ತು 119.20 ಆಯಿತು ಅಂತಿಟ್ಟುಕೊಳ್ಳಿ, 0.55 ಏರಿತು ಅಂತ ಬಾಯಲ್ಲೇ ಹೇಳಬಹುದು. ಅಡಿ, ಇಂಚಿನಲ್ಲಿ ಬರೆದಿದ್ದರೆ ದಶಕ ತೆಗೆದುಕೊಳ್ಳುವ ಕಡೆ ಡಜನ್ ತೆಗೆದುಕೊಳ್ಳಬೇಕಿತ್ತು. ಹೀಗೆ ಅಳತೆ, ನಾಣ್ಯ ಎಲ್ಲವನ್ನೂ ಹತ್ತು ಹತ್ತಾಗಿ ಒಡೆಯಿರಿ, ಲೆಕ್ಕ ಸಲೀಸಾಗುತ್ತದೆ ಅಂತ ಸೈಮನ್ ಸ್ಟೆವಿನ್ ಎಂಬಾತ 1585ರಲ್ಲೇ ಒಂದು ಸಣ್ಣ ಪುಸ್ತಕ ಬರೆದು ಯುರೋಪಿನವರಿಗೆ ಹೇಳಿದ್ದ. ನಮ್ಮ ದೇಶದಲ್ಲಿ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ.

ಈಗ ಮೀಟರಿನ ಮಾತು. ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. 1924ರಲ್ಲಿ ಮೈಸೂರಿಗೂ ಮದ್ರಾಸಿಗೂ ಒಪ್ಪಂದ ಆಯಿತಲ್ಲ, ಅದರಲ್ಲಿ ಕಟ್ಟೆಯ ಎತ್ತರ ನದಿಯ ತಳದಿಂದ 124 ಅಡಿ, ನೀರು 44,827 ದಶಲಕ್ಷ ಘನ ಅಡಿ ಅಂತ ಅಡಿಯಲ್ಲೇ ಬರೆದಿದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದಾಗಲೂ ಅದೇ ಅಡಿಯ ಲೆಕ್ಕ. ನೂರು ವರ್ಷದ ಖಾತೆ, ಒಪ್ಪಂದ, ತೀರ್ಪು ಎಲ್ಲ ಒಂದು ಅಳತೆಯಲ್ಲಿರುವಾಗ ಕಟ್ಟೆಗೊಂದು ಬೇರೆ ಅಳತೆ ತಂದರೆ, ಇರುವ ಜಗಳ ಸಾಲದು ಅಂತ ಇನ್ನೊಂದನ್ನು ಕರೆದು ಕೂರಿಸಿದ ಹಾಗೆ. ನನ್ನ ಪ್ರಕಾರ ಅಡಿಯೇ ಇರಲಿ.

ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಲೆಕ್ಕದಲ್ಲಿ ನೂರು ಕೋಟಿ ಘನ ಅಡಿ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ತೊಟ್ಟಿಯಲ್ಲಿ 28.3 ಲೀಟರ್ ಹಿಡಿಯುತ್ತದೆ, ಸುಮಾರು ಎರಡು ಕೊಡ ನೀರು. ಅಂಥ ನೂರು ಕೋಟಿ ತೊಟ್ಟಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ತೊಟ್ಟಿಯಂತೆ ಹರಿಯುವ ನೀರು. ಟಿಎಂಸಿ ಇರುವ ನೀರಿನ ಲೆಕ್ಕ, ಕ್ಯೂಸೆಕ್ ಹರಿಯುವ ನೀರಿನ ಲೆಕ್ಕ. ಟಿವಿಯವರು ಇವೆರಡನ್ನೂ ಅದಲು ಬದಲು ಮಾಡಿ ನಮ್ಮ ಬಿಪಿ ಏರಿಸುತ್ತಾರೆ.

ದಿನಕ್ಕೆ 86,400 ಸೆಕೆಂಡು. ಹಾಗಾಗಿ ಒಂದು ಕ್ಯೂಸೆಕ್ ಒಂದು ದಿನ ಹರಿದರೆ 86,400 ಘನ ಅಡಿ. ಹತ್ತು ಸಾವಿರ ಕ್ಯೂಸೆಕ್ ಒಂದು ದಿನ ಬಿಟ್ಟರೆ 86.4 ಕೋಟಿ ಘನ ಅಡಿ, ಒಂದು ಟಿಎಂಸಿಗೆ ಇನ್ನೂ ಸ್ವಲ್ಪ ಕಡಿಮೆ. ಇನ್ನೊಂದು ತಮಾಷೆ ನೋಡಿ. ಎಕರೆಗೆ 43,560 ಚದರ ಅಡಿ. ಒಂದು ಎಕರೆ ಗದ್ದೆಯಲ್ಲಿ ಒಂದಡಿ ನೀರು ನಿಲ್ಲಿಸಲು ಬೇಕಾದದ್ದು 43,560 ಘನ ಅಡಿ. ಅಂದರೆ ಒಂದು ಕ್ಯೂಸೆಕ್ ನೀರು ಹಗಲು ರಾತ್ರಿ ಹರಿದರೆ ಎರಡು ಎಕರೆಗೆ ಹೆಚ್ಚೂ ಕಡಿಮೆ ಒಂದಡಿ ನೀರು. ಎಕರೆ, ಅಡಿ, ಕ್ಯೂಸೆಕ್ ಮೂರೂ ಒಂದೇ ಮನೆಯವು, ಒಂದನ್ನು ಕೇಳಿದರೆ ಇನ್ನೊಂದು ಉತ್ತರ ಕೊಡುತ್ತದೆ. ನಾಲೆ ಬಯಲಿನಲ್ಲಿ ಅಡಿ ಇನ್ನೂ ಬದುಕಿರುವುದಕ್ಕೆ ಇದೂ ಒಂದು ಕಾರಣ ಅನ್ನಿಸುತ್ತದೆ.

ಹಾಗೇ ಒಂದು ಎಚ್ಚರಿಕೆ. 100 ಅಡಿ ಇದೆ ಅಂದರೆ ಮುಕ್ಕಾಲು ಕಟ್ಟೆ ದಾಟಿ ತುಂಬಿದೆ ಅಂತ ಲೆಕ್ಕ ಹಾಕಬೇಡಿ. ಕಟ್ಟೆ ನೆಟ್ಟಗಿರುವ ಡ್ರಮ್ಮಲ್ಲ, ಬಾಣಲೆ. ತಳದಲ್ಲಿ ಕಿರಿದು, ಮೇಲೆ ಅಗಲ. ಪೂರ್ತಿ ತುಂಬಿದರೆ 49.45 ಟಿಎಂಸಿ, ಆದರೆ 100 ಅಡಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಕೊನೆಯ ಒಂದೊಂದು ಅಡಿಗೂ ಒಂದು ಟಿಎಂಸಿಗಿಂತ ಜಾಸ್ತಿ ನೀರು ಬೇಕು. ಮಳೆ ಚೆನ್ನಾಗಿದ್ದರೂ ಕೊನೆಕೊನೆಗೆ ಕಟ್ಟೆ ಏರೋದೇ ಇಲ್ಲವಲ್ಲ ಅನ್ನಿಸುವುದು ಅದಕ್ಕೇ.

ಪ್ರಶ್ನೆ: ಎಕರೆಗೆ 40 ಗುಂಟೆ ಯಾಕೆ? 100 ಮಾಡಿದ್ದರೆ ಆಗುತ್ತಿರಲಿಲ್ಲವೇ? (ನಾಗಮಂಗಲದ ಓದುಗರು)

ಉತ್ತರ: ಸರಪಳಿಯಿಂದ ಬಂದದ್ದು. ಎಡ್ಮಂಡ್ ಗುಂಟರ್ ಎಂಬ ಇಂಗ್ಲೆಂಡಿನ ಗಣಿತದವನು 1620ರಲ್ಲಿ ಜಮೀನು ಅಳೆಯಲು 66 ಅಡಿ ಉದ್ದದ, ನೂರು ಕೊಂಡಿಯ ಸರಪಳಿ ಮಾಡಿದ. ಹತ್ತು ಚದರ ಸರಪಳಿ ಸೇರಿದರೆ ಸರಿಯಾಗಿ ಒಂದು ಎಕರೆ. ನಮ್ಮ ಕಡೆ ಮೋಜಣಿದಾರರು ಹಿಡಿದದ್ದು ಅದರ ಅರ್ಧ, 33 ಅಡಿಯದು. ಉದ್ದ ಅರ್ಧವಾದರೆ ಚದರ ಕಾಲು ಭಾಗ ಆಗುತ್ತದೆ ಅಲ್ವಾ, ಹಾಗಾಗಿ ಹತ್ತು ಹೋಗಿ ನಲವತ್ತಾಯಿತು. 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಗುಂಟೆಗೆ ಮತ್ತೆ ಹದಿನಾರು ಆಣೆ.

'ಒಂದು ಗುಂಟೆ ಅಂದ್ರೆ ಥರ್ಟಿ ಫಾರ್ಟಿ ಸೈಟೇ ಬಿಡಿ ಸಾರ್' ಅಂತ ಒಬ್ಬ ಬ್ರೋಕರ್ ನನಗೂ ಹೇಳಿದ್ದ. ನಾನೂ ತಲೆ ಆಡಿಸಿ ಅಡ್ವಾನ್ಸ್ ಕೊಟ್ಟೆ, ಲೆಕ್ಕದ ಅಂಕಣ ಬರೆಯುವವನು! ಮನೆಗೆ ಬಂದು ಪೆನ್ಸಿಲ್ ಹಿಡಿದಾಗ ಗೊತ್ತಾಯಿತು, ಮೂವತ್ತು ನಲವತ್ತು ಅಂದರೆ 1,200. 111 ಚದರ ಅಡಿ ಮಾತಿನಲ್ಲೇ ಹೋಗಿತ್ತು, ಒಂದು ಸಣ್ಣ ಅಡುಗೆ ಮನೆಯಷ್ಟು ಜಾಗ.

ಪಹಣಿ ನೋಡುವಾಗಲೂ ಆ ಚುಕ್ಕೆಯ ಬಗ್ಗೆ ಹುಷಾರು. ಕಟ್ಟೆಯ 124.80ರಲ್ಲಿ ಚುಕ್ಕೆಯ ಆಚೆ ಇರುವುದು ನೂರರ ಪಾಲು. ಪಹಣಿಯ 2.20ರಲ್ಲಿ ಚುಕ್ಕೆಯ ಆಚೆ ಇರುವುದು ಗುಂಟೆ. ಅಂದರೆ ಅದು ಎರಡೂವರೆ ಎಕರೆ. ಇದನ್ನು ಹಾಗೇ ಕ್ಯಾಲ್ಕುಲೇಟರಿಗೆ ಒತ್ತಿ ಎಕರೆ ರೇಟಿನಿಂದ ಗುಣಿಸಿದರೆ ಹನ್ನೆರಡು ಗುಂಟೆಯ ದುಡ್ಡು ಕೈ ಬಿಟ್ಟಂತೆ. ಅಣ್ಣ ತಮ್ಮಂದಿರು ಪಾಲಿಗೆ ಕೂತಾಗ ಇದೊಂದು ಚುಕ್ಕೆ ಸಾಕು, ಮಾತು ಬಿಡುವುದಕ್ಕೆ.

ಪ್ರಶ್ನೆ: 32 ಜಿಬಿ ಪೆನ್ ಡ್ರೈವ್ ತಂದೆ. ಕಂಪ್ಯೂಟರಿಗೆ ಹಾಕಿದರೆ 29.8 ಅಂತ ತೋರಿಸುತ್ತದೆ. ಮೋಸ ಆಯಿತಾ ಸಾರ್? (ಮೈಸೂರಿನ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ, ಅಂಗಡಿಯವರದು ತಪ್ಪಿಲ್ಲ. ಇಲ್ಲೂ ಅದೇ ಚುಕ್ಕೆಯ ಜಾತಿಯ ಗಲಾಟೆ. ತಯಾರಿಸಿದವರು ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತ ಎಣಿಸಿ ಡಬ್ಬಿಯ ಮೇಲೆ 32 ಹಾಕುತ್ತಾರೆ. ವಿಂಡೋಸ್ 1,024 ಇಂಟು 1,024 ಇಂಟು 1,024 ಬೈಟಿಗೆ ಒಂದು ಜಿಬಿ ಅನ್ನುತ್ತದೆ, ಅದು 107 ಕೋಟಿ ದಾಟುತ್ತದೆ. 3,200 ಕೋಟಿಯನ್ನು ಅದರಿಂದ ಭಾಗಿಸಿ, 29.8 ಬರುತ್ತದೆ. ಕೊಳಗ ದೊಡ್ಡದಾದರೆ ಅದೇ ರಾಶಿ ಕಡಿಮೆ ಕೊಳಗ ಆಗುವುದಿಲ್ಲವೇ, ಹಾಗೆ.

1,024 ಯಾಕೆ ಅಂದರೆ, ಕಂಪ್ಯೂಟರಿಗೆ ಗೊತ್ತಿರುವುದು ಎರಡೇ ಅಂಕಿ, 0 ಮತ್ತು 1. ಒಂದನ್ನು ಹತ್ತು ಸಲ ದುಪ್ಪಟ್ಟು ಮಾಡಿದರೆ 1,024 ಸಿಗುತ್ತದೆ, ಸಾವಿರಕ್ಕೆ ಹತ್ತಿರ. ನಿಮ್ಮ ಅಜ್ಜಿ ಈ ದಾರಿಯಲ್ಲೇ ಕೆಳಗಿಳಿಯುತ್ತಿದ್ದರು. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಪಾವನ್ನು ಎರಡು ಸಲ ಅರ್ಧ ಮಾಡಿದರೆ ಚಟಾಕು, ಸೇರಿಗೆ ಹದಿನಾರು. ರೂಪಾಯಿಗೂ ಹದಿನಾರಾಣೆ, ಗುಂಟೆಗೂ ಹದಿನಾರಾಣೆ. ತಕ್ಕಡಿ ಇಲ್ಲದೆ ಕಣ್ಣಂದಾಜಿನಲ್ಲಿ ರಾಗಿಯನ್ನು ಎರಡು ಪಾಲು ಮಾಡಬಹುದು, ಹತ್ತು ಪಾಲು ಮಾಡಿ ನೋಡೋಣ!

ಗೊಂದಲ ಬೇಡ ಅಂತ 1998ರಲ್ಲಿ 1,024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಅಂತ ಬೇರೆ ಹೆಸರನ್ನೇ ಇಟ್ಟರು. ಅಂಗಡಿಯಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ. ಅನುಮಾನ ಇದ್ದರೆ ಅದೇ ಪೆನ್ ಡ್ರೈವನ್ನು ಸ್ನೇಹಿತೆಯ ಆಪಲ್ ಕಂಪ್ಯೂಟರಿಗೆ ಹಾಕಿ ನೋಡಿ, ಅದು ಸಾವಿರದ ಲೆಕ್ಕ ಹಿಡಿಯುವುದರಿಂದ ಹೆಚ್ಚೂ ಕಡಿಮೆ 32 ಅಂತಲೇ ತೋರಿಸುತ್ತದೆ.